ಕಂಬಳದ ಕೋಣಗಳನ್ನು ತಿದ್ದಿಕೊಂಡ ನಾಲ್ಕು ಭಾನುವಾರಗಳು: ಮಂಗಳೂರಿನ ಒಂದು ಚಿತ್ರಕಲಾ ತರಗತಿಯ ವಿಮರ್ಶೆ

ಕಳೆದ ವರ್ಷ ನಾನು ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಒಂದು ಜೊತೆ ಕಂಬಳದ ಕೋಣಗಳನ್ನು ಬಿಡಿಸಿದ್ದೆ. ಎರಡು ತಿಂಗಳ ಸಂಜೆಗಳು ಅದಕ್ಕೇ ಸಂದಿದ್ದವು. ಎಣ್ಣೆ ಹಚ್ಚಿದ ಮೈಯ ಹೊಳಪು, ಎಗರಿದ ಕೆಸರುನೀರು, ನೊಗದ ಮರದ ಬಣ್ಣ, ಇವೆಲ್ಲ ನನ್ನ ಶಕ್ತಿಗೆ ತಕ್ಕಮಟ್ಟಿಗೆ ಒದಗಿ ಬಂದಿದ್ದವು. ಆದರೆ ಕೋಣೆಯ ಇನ್ನೊಂದು ಮೂಲೆಗೆ ಹೋಗಿ ನಿಂತು ನೋಡಿದಾಗ ಆ ಎರಡು ಕೋಣಗಳನ್ನು ಒಂದೇ ನೊಗಕ್ಕೆ ಕಟ್ಟಿದ್ದಾರೆ ಎಂದು ಅನ್ನಿಸುತ್ತಲೇ ಇರಲಿಲ್ಲ. ಹತ್ತಿರದ ಕೋಣದ ತಲೆ ಮೈಗೆ ಮೀರಿ ದೊಡ್ಡದಾಗಿತ್ತು. ಆಚೆಯ ಕೋಣ ನೆಲಕ್ಕೆ ಕಾಲೂರದೆ ತೇಲುತ್ತಿರುವಂತೆ ಕಾಣುತ್ತಿತ್ತು. ಇದು ಬರೀ ಅಳತೆಯ ದೋಷವೆಂದು ತಿಳಿದು ತಲೆಯನ್ನು ಎರಡು ಬಾರಿ ಕಿರಿದು ಮಾಡಿದೆ, ಮೈಯನ್ನು ಒಂದು ಬಾರಿ ಉದ್ದ ಮಾಡಿದೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತೇ ಹೊರತು ಚಿತ್ರ ಸರಿಹೋಗಲಿಲ್ಲ.

ಈ ಸ್ಥಿತಿಯಲ್ಲಿ, ಪರಿಚಿತರೊಬ್ಬರ ಮಾತಿನಂತೆ, ಕದ್ರಿ ಗುಡ್ಡದ ತಪ್ಪಲಿನ ಮನೆಯೊಂದರ ಎರಡನೇ ಮಹಡಿಯಲ್ಲಿ ನಡೆಯುವ ತಿದ್ದುಪಡಿಯ ತರಗತಿಗೆ ಸೇರಿದೆ. ನಿವೃತ್ತ ಚಿತ್ರಕಲಾ ಅಧ್ಯಾಪಕರೊಬ್ಬರು ಇದನ್ನು ನಡೆಸುತ್ತಾರೆ. ಒಂದು ತಂಡಕ್ಕೆ ಆರು ಜನರಿಗಷ್ಟೇ ಜಾಗವಿರುವುದರಿಂದ ಬರವಣಿಗೆಯಲ್ಲಿ ತಮ್ಮ ಹೆಸರು ಬೇಡವೆಂದು ಅವರು ಕೇಳಿಕೊಂಡಿದ್ದಾರೆ. ಅದನ್ನು ಗೌರವಿಸಿ ಇಲ್ಲಿ ಮಾಸ್ಟ್ರು ಎಂದಷ್ಟೇ ಬರೆಯುತ್ತೇನೆ. ನಾಲ್ಕು ಭಾನುವಾರ, ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ ಪಾಠ. ಒಟ್ಟು ಶುಲ್ಕ 2,400 ರೂಪಾಯಿ. ಹೊಸ ಚಿತ್ರ ಬಿಡಿಸಲು ಇಲ್ಲಿ ಕಲಿಸುವುದಿಲ್ಲ. ಪ್ರತಿಯೊಬ್ಬರೂ ತಾವು ಬಿಡಿಸಿ, ಎಲ್ಲೋ ಕೆಟ್ಟಿದೆಯೆಂದು ಗೊತ್ತಾಗಿಯೂ ಎಲ್ಲಿ ಎಂದು ತಿಳಿಯದೆ ಬಿಟ್ಟಿರುವ ಒಂದು ಪ್ರಾಣಿಚಿತ್ರವನ್ನು, ಅದಕ್ಕೆ ಆಧಾರವಾದ ಫೋಟೊಗಳ ಸಮೇತ ತರಬೇಕು. ನಮ್ಮ ತಂಡದಲ್ಲಿ ಎರಡು ನಾಯಿ, ಒಂದು ಬೆಕ್ಕು, ಪಿಲಿಕುಳದ ಮೃಗಾಲಯದಲ್ಲಿ ತೆಗೆದ ಫೋಟೊ ನೋಡಿ ಬಿಡಿಸಿದ ಒಂದು ಹುಲಿ, ಒಂದು ಮಂಗಟ್ಟೆ ಹಕ್ಕಿ ಮತ್ತು ನನ್ನ ಕೋಣಗಳು ಇದ್ದವು.

ಮೊದಲ ದಿನ ಮಾಸ್ಟ್ರು ಯಾವ ಚಿತ್ರದ ಬಗ್ಗೆಯೂ ಅಭಿಪ್ರಾಯ ಹೇಳಲಿಲ್ಲ. ಆರು ಚಿತ್ರಗಳನ್ನೂ ಗೋಡೆಗೆ ಒರಗಿಸಿ, ಎದುರಿಗೆ ಒಂದು ದೊಡ್ಡ ಕನ್ನಡಿಯನ್ನು ನಿಲ್ಲಿಸಿ, ಅದರೊಳಗೆ ಮಾತ್ರ ನಮ್ಮ ಚಿತ್ರವನ್ನು ನೋಡಲು ಹೇಳಿದರು. ಎರಡು ತಿಂಗಳು ದಿನವೂ ಕಂಡ ಚಿತ್ರಕ್ಕೆ ಕಣ್ಣು ಒಗ್ಗಿ ಹೋಗಿರುತ್ತದೆ. ಎಡಬಲ ಅದಲುಬದಲಾದಾಗ ಆ ಒಗ್ಗಿಕೆ ತಪ್ಪಿ, ವಾಲಿದ ಬೆನ್ನು, ಮೇಲೆ ಕೆಳಗಾದ ಕಣ್ಣುಗಳು ತಾವಾಗಿಯೇ ಎದ್ದು ಕಾಣುತ್ತವೆ. ನಾಯಿ ಮತ್ತು ಬೆಕ್ಕಿನ ಚಿತ್ರಗಳ ದೋಷ ಅಲ್ಲಿಯೇ ಬಯಲಾಯಿತು. ಮುಖ ಒಂದು ಪಕ್ಕಕ್ಕೆ ತಿರುಗಿದ್ದರೂ ಬಿಡಿಸಿದವರು ಎರಡು ಕಣ್ಣುಗಳನ್ನೂ ಎದುರಿನಿಂದ ಕಂಡಂತೆ ಸಮನಾಗಿ ಬಿಡಿಸಿದ್ದರು. ಆಚೆಯ ಕಣ್ಣು ಕಿರಿದಾಗಿ, ಮೂಗಿನ ಏಣಿನ ಹಿಂದೆ ಒಂದಿಷ್ಟು ಮರೆಯಾಗಬೇಕಿತ್ತು. ಸಾಕುಪ್ರಾಣಿಗಳ ಚಿತ್ರಗಳಲ್ಲಿ ಇದು ತೀರ ಸಾಮಾನ್ಯವಾದ ತಪ್ಪು. ಪ್ರೀತಿಯಿಂದ ನೋಡುವವರು ಕಣ್ಣನ್ನೇ ಮೊದಲು ಬಿಡಿಸುತ್ತಾರೆ, ತಲೆಬುರುಡೆಯನ್ನು ಆಮೇಲೆ ಅದಕ್ಕೆ ಹೊಂದಿಸುತ್ತಾರೆ ಎಂದು ಮಾಸ್ಟ್ರು ವಿವರಿಸಿದರು. ಈ ಎರಡು ನಾಯಿಗಳ ಒಡೆಯರು ಮೂರು ಗಂಟೆಯೊಳಗೆ ತಮ್ಮ ಚಿತ್ರದ ಪರಿಹಾರವನ್ನು ಕೈಯಲ್ಲಿ ಹಿಡಿದು ಮನೆಗೆ ಹೋದರು.

ನನ್ನ ಕೋಣಗಳ ಸರದಿ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಎಲ್ಲಿ ನಿಂತು ನೋಡುತ್ತಿದ್ದೀರಿ?" ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಚಿತ್ರಕ್ಕೆ ಎರಡು ಫೋಟೊಗಳು ಆಧಾರವಾಗಿದ್ದವು. ಹತ್ತಿರದ ಕೋಣವನ್ನು, ಗೆಳೆಯರೊಬ್ಬರು ಕಂಬಳದ ಕರೆಯ (ಕೋಣಗಳು ಓಡುವ ಕೆಸರಿನ ಹಾದಿಯ) ಅಂಚಿನಲ್ಲಿ ಬಗ್ಗಿ, ಮೊಬೈಲನ್ನು ನೀರಿನ ಮಟ್ಟದ ಕಡೆಗೆ ಇಳಿಸಿ ಹತ್ತಿರದಿಂದ ತೆಗೆದ ಫೋಟೊದಿಂದ ಬಿಡಿಸಿದ್ದೆ. ಅದರಲ್ಲಿ ಆಚೆಯ ಕೋಣ ನೀರಿನ ಎರಚಾಟದಲ್ಲಿ ಮರೆಯಾಗಿದ್ದ ಕಾರಣ, ಅದನ್ನು ನಾನೇ ಪ್ರೇಕ್ಷಕರ ಗ್ಯಾಲರಿಯ ಮೇಲಿನಿಂದ ಜೂಮ್ ಹಾಕಿ ತೆಗೆದ ಇನ್ನೊಂದು ಫೋಟೊದಿಂದ ತೆಗೆದುಕೊಂಡಿದ್ದೆ. ಹೀಗೆ ಒಂದು ಕೋಣವನ್ನು ಕೆಳಗಿನಿಂದ, ಹತ್ತಿರದಿಂದ ನೋಡಿದ್ದಾಗಿತ್ತು. ಇನ್ನೊಂದನ್ನು ಮೇಲಿನಿಂದ, ದೂರದಿಂದ ನೋಡಿದ್ದಾಗಿತ್ತು. ಒಂದೇ ನೊಗದ ಎರಡು ತುದಿಗಳಿಗೆ ಎರಡು ಬೇರೆ ಬೇರೆ ನೋಟಗಳನ್ನು ಕಟ್ಟಿದ್ದೆ. ನಾನು ಅಳತೆಯ ದೋಷವೆಂದು ಇಷ್ಟು ದಿನ ತಿದ್ದುತ್ತಿದ್ದುದು ನಿಜಕ್ಕೂ ಪರ್‌ಸ್ಪೆಕ್ಟಿವ್‌ನ, ಅಂದರೆ ನೋಡುವವನ ಜಾಗಕ್ಕೆ ತಕ್ಕಂತೆ ವಸ್ತುಗಳ ಗಾತ್ರ, ಎತ್ತರಗಳನ್ನು ತೋರಿಸುವ ಕ್ರಮದ, ದೋಷವಾಗಿತ್ತು. ಈ ತರಗತಿಯಿಂದ ನನಗೆ ಸಿಕ್ಕಿದ ಅತಿ ಬೆಲೆಯುಳ್ಳ ತಿಳಿವಳಿಕೆ ಇದು. ಮಿಕ್ಕೆಲ್ಲ ಪಾಠಗಳೂ ಇದರಿಂದಲೇ ಹೊರಟವು.

ಮಾಸ್ಟ್ರು ನನ್ನ ಚಿತ್ರಕ್ಕೆ ಕುಂಚ ತಾಗಿಸಲಿಲ್ಲ. ಕೊನೆಯವರೆಗೂ ಯಾರ ಚಿತ್ರಕ್ಕೂ ತಾಗಿಸಲಿಲ್ಲ. ಇದು ಅವರ ನಿಯಮ, ಮತ್ತು ನನ್ನ ಅಭಿಪ್ರಾಯದಲ್ಲಿ ಬಹಳ ಒಳ್ಳೆಯ ನಿಯಮ. ಚಿತ್ರದ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಮಾರ್ಕರ್ ಪೆನ್ನನ್ನು ನನ್ನ ಕೈಗೆ ಕೊಟ್ಟು, ಮೊದಲು ಕಣ್ಣಿನ ಮಟ್ಟದ ರೇಖೆಯನ್ನು ಎಳೆಯಲು ಹೇಳಿದರು. ಗೆಳೆಯರ ಫೋಟೊದಲ್ಲಿ ಕರೆಯ ಎರಡು ದಂಡೆಗಳ ಅಂಚುಗಳನ್ನು ಸ್ಕೇಲಿನಿಂದ ಮುಂದುವರಿಸಿದಾಗ ಅವು ಕೂಡಿದ ಬಿಂದುವಿನ ಎತ್ತರವೇ ಆ ರೇಖೆಯ ಎತ್ತರ. ಅದು ಹತ್ತಿರದ ಕೋಣದ ಎದೆಯ ಮೇಲೆ ಹಾದುಹೋಯಿತು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಜೋಡಿ ಎತ್ತು, ಕುದುರೆ, ಕೋಣಗಳನ್ನು ಬಿಡಿಸುವ ಯಾರಿಗಾದರೂ ಇದು ಉಪಯೋಗಕ್ಕೆ ಬರುತ್ತದೆ. ಸಮತಟ್ಟಾದ ನೆಲದ ಮೇಲೆ ಒಂದೇ ಎತ್ತರದ ಪ್ರಾಣಿಗಳು ಎಷ್ಟೇ ದೂರದಲ್ಲಿ ನಿಂತಿರಲಿ, ಕಣ್ಣಿನ ಮಟ್ಟದ ರೇಖೆ ಅವೆಲ್ಲವನ್ನೂ ಮೈಯ ಒಂದೇ ಜಾಗದಲ್ಲಿ ಕತ್ತರಿಸಬೇಕು. ಹತ್ತಿರದ ಕೋಣವನ್ನು ಎದೆಯಲ್ಲಿ ಕತ್ತರಿಸಿದರೆ ಆಚೆಯದನ್ನೂ ಎದೆಯಲ್ಲೇ ಕತ್ತರಿಸಬೇಕು. ನನ್ನ ಚಿತ್ರದಲ್ಲಿ ಅದು ಆಚೆಯ ಕೋಣದ ಮೊಣಕಾಲಿನ ಮೇಲೆ ಹಾದುಹೋಗಿತ್ತು. ತೇಲುತ್ತಿರುವಂತೆ ಕಾಣಲು ಕಾರಣ ಅದೇ. ಎರಡನೆಯದು, ರೇಖೆಯ ಕೆಳಗಿರುವ ವಸ್ತುಗಳು ದೂರ ಸರಿದಂತೆ ಮೇಲಕ್ಕೇರುತ್ತವೆ, ಮೇಲಿರುವ ವಸ್ತುಗಳು ಕೆಳಕ್ಕಿಳಿಯುತ್ತವೆ. ಗೊರಸುಗಳು ರೇಖೆಯ ಕೆಳಗಿರುವುದರಿಂದ ಆಚೆಯ ಕೋಣದ ಗೊರಸುಗಳು ಒಂದಿಷ್ಟು ಮೇಲೆ ಕಾಣಬೇಕು. ಆದರೆ ನೊಗ ಇರುವುದು ಕುತ್ತಿಗೆಯ ಮೇಲೆ, ಅಂದರೆ ರೇಖೆಗಿಂತ ಮೇಲೆ. ಆದ್ದರಿಂದ ಅದರ ಆಚೆಯ ತುದಿ ಕೆಳಕ್ಕೆ ವಾಲಬೇಕು, ಆಚೆಯ ಕೋಣದ ಬೆನ್ನೂ ಈಚೆಯದಕ್ಕಿಂತ ತಗ್ಗಿನಲ್ಲಿ ಕಾಣಬೇಕು. ದೂರದ್ದು ಯಾವಾಗಲೂ ಮೇಲೆ ಕಾಣುತ್ತದೆ ಎಂಬ ಅರೆಬರೆ ನಿಯಮವನ್ನು ನಂಬಿ ನಾನು ಗೊರಸು, ನೊಗ, ಬೆನ್ನು ಎಲ್ಲವನ್ನೂ ಒಟ್ಟಾಗಿ ಮೇಲಕ್ಕೆತ್ತಿದ್ದೆ. ಅಷ್ಟೇ ಅಲ್ಲ, ಎದೆಯ ಮಟ್ಟದಿಂದ ನೋಡುವವನಿಗೆ ಕೋಣದ ಬೆನ್ನಿನ ಮೇಲ್ಭಾಗ ಕಾಣುವುದೇ ಇಲ್ಲ; ನಾನು ಗ್ಯಾಲರಿಯ ಫೋಟೊ ನೋಡಿ ಬೆನ್ನಿನ ಅಗಲವನ್ನೆಲ್ಲ ತೋರಿಸಿ, ಅದರ ಮೇಲೆ ಬೆಳಕಿನ ಪಟ್ಟಿಯೊಂದನ್ನೂ ಎಳೆದಿದ್ದೆ. ಆ ಪಟ್ಟಿ ನನಗೆ ತುಂಬ ಇಷ್ಟವಾದ ಭಾಗವಾಗಿತ್ತು. ಅದನ್ನು ಅಳಿಸಲೇಬೇಕಾಯಿತು.

ತಲೆಯ ವಿಷಯಕ್ಕೆ ಬಂದಾಗ ಮಾಸ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ ತೋರಿಸಿದರು. ಮೂತಿಯಿಂದ ಬಾಲದ ಬುಡದವರೆಗೆ ಕೋಣದ ಉದ್ದವನ್ನು ಎರಡೂವರೆ ಮೀಟರ್ ಎಂದು ಇಟ್ಟುಕೊಳ್ಳೋಣ. ನಮ್ಮತ್ತ ಮುಖ ಮಾಡಿದ ಅದರ ಮೂತಿಯಿಂದ ಎರಡೂವರೆ ಮೀಟರ್ ದೂರದಲ್ಲಿ ನಿಂತರೆ ಹಿಂಭಾಗ ನಮ್ಮಿಂದ ಐದು ಮೀಟರ್ ದೂರದಲ್ಲಿರುತ್ತದೆ. ಆದ್ದರಿಂದ ತಲೆಯ ಅಳತೆಗೆ ಹೋಲಿಸಿದರೆ ಹಿಂಭಾಗ ಅರ್ಧಕ್ಕೆ ಕುಗ್ಗಿ ಕಾಣುತ್ತದೆ. ಹತ್ತು ಮೀಟರ್ ದೂರಕ್ಕೆ ಸರಿದರೆ ಹಿಂಭಾಗ ಹನ್ನೆರಡೂವರೆ ಮೀಟರಿನಲ್ಲಿರುತ್ತದೆ, ಅಂದರೆ ಐದರಲ್ಲಿ ನಾಲ್ಕು ಪಾಲಿನಷ್ಟು ಕಾಣುತ್ತದೆ. ಮೊಬೈಲಿನ ಕ್ಯಾಮೆರಾ ವಿಶಾಲ ಕೋನದ್ದಾದ್ದರಿಂದ ಪ್ರಾಣಿ ಚೌಕಟ್ಟು ತುಂಬಬೇಕೆಂದು ನಾವು ತೀರ ಹತ್ತಿರ ಹೋಗುತ್ತೇವೆ, ಹಾಗೆ ಹೋದಾಗ ತಲೆ ಉಬ್ಬಿ ಮೈ ಬಾಲದ ಕಡೆಗೆ ಚೂಪಾಗುತ್ತದೆ. ಫೋಟೊದಲ್ಲಿ ಅದನ್ನು ಒಪ್ಪಿಕೊಳ್ಳುವ ಕಣ್ಣು, ಗೋಡೆಗೆ ತೂಗುಹಾಕಿ ದೂರದಿಂದ ನೋಡುವ ಚಿತ್ರದಲ್ಲಿ ಒಪ್ಪುವುದಿಲ್ಲ. ನಾನು ಫೋಟೊದ ಮೇಲೆ ಚೌಕುಳಿ ಎಳೆದು ಮನೆ ಮನೆಯಾಗಿ ನಕಲು ಮಾಡಿದ್ದೆನಾದ್ದರಿಂದ ಆ ಉಬ್ಬು ಹಾಗೆಯೇ ಕ್ಯಾನ್ವಾಸಿಗೆ ಇಳಿದಿತ್ತು. ಚೌಕುಳಿ ಹಾಕಿದರೆ ಅಳತೆ ತಪ್ಪುವುದಿಲ್ಲವೆಂದು ನಂಬಿದವರೆಲ್ಲ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ನೋಡುವವನ ಜಾಗ ಒಂದೇ ಆಗಿರಬೇಕೆಂಬುದನ್ನು ಮನದಟ್ಟು ಮಾಡಿಸಲು ಅವರು ಆ ವಾರ ನಮಗೆಲ್ಲ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋಗಿ ಬರಲು ಹೇಳಿದರು. 19ನೇ ಶತಮಾನದ ಕೊನೆಯಲ್ಲಿ ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ ಅಲ್ಲಿನ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದ್ದಾರೆ. ಬಾಲ್ಯದಿಂದ ಎಷ್ಟೋ ಸಲ ನೋಡಿದ ಜಾಗವದು. ಆದರೆ ಚಪ್ಪಟೆ ಗೋಡೆಯ ಮೇಲೆ ಬರೀ ಬಣ್ಣದಲ್ಲಿ ಬರೆದ ಕಂಬದ ಗೀರುಗಳು, ಅಲಂಕಾರದ ಪಟ್ಟಿಗಳು ಕೆತ್ತಿದಂತೆ ಉಬ್ಬಿ ನಿಲ್ಲುವುದು, ನೆಲದ ಮೇಲೆ ನಿಂತು ಮೇಲೆ ನೋಡುವವನ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದರಿಂದ ಎಂಬುದನ್ನು ನಾನು ಗಮನವಿಟ್ಟು ಕಂಡದ್ದು ಈ ಬಾರಿಯೇ. ಪ್ರಾಣಿಚಿತ್ರದ ತರಗತಿಯ ಪಾಠಕ್ಕೆ ಊರಿನಲ್ಲೇ ಇರುವ ಇಂಥ ಕೃತಿಯನ್ನು ಬಳಸಿಕೊಂಡದ್ದು ನನಗೆ ಬಹಳ ಹಿಡಿಸಿತು.

ಮೂರನೇ ಭಾನುವಾರ ಮೂಡುಬಿದಿರೆಯ ದಾರಿಯಲ್ಲಿರುವ, ಕಂಬಳಕ್ಕೆ ಕೋಣ ಸಾಕುವ ಮನೆಯೊಂದರ ಹಟ್ಟಿಗೆ ನಮ್ಮನ್ನು ಕರೆದೊಯ್ದರು. ನಾಲ್ಕೂ ತರಗತಿಗಳಲ್ಲಿ ಅತ್ಯುತ್ತಮವಾದದ್ದು ಇದು. ಮೈ ಮುಟ್ಟಿ ಅಳೆಯದೆ, ಕೈಯನ್ನು ನೇರವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳನ್ನು ಸರಿಸುತ್ತ ಅಳೆಯುವ ಹಳೆಯ ಕ್ರಮವನ್ನು ಪಕ್ಕದಿಂದ ನಿಂತ ಕೋಣದ ಮೇಲೆ ಅಭ್ಯಾಸ ಮಾಡಿದೆವು. ಆ ಕೋಣದ ಭುಜದ ಎತ್ತರ ಅದರ ತಲೆಯ ಉದ್ದದ ಸುಮಾರು ಎರಡೂವರೆ ಪಟ್ಟು ಇತ್ತು. ಎದೆಯ ಮುಂಚಾಚಿನಿಂದ ಪೃಷ್ಠದವರೆಗಿನ ಉದ್ದ ಆ ಎತ್ತರಕ್ಕಿಂತ ತುಸು ಹೆಚ್ಚು. ಮುಂಗಾಲಿನಲ್ಲಿ ನಾವು ಮೊಣಕಾಲು ಎನ್ನುವ ಗಂಟು ನಿಜವಾಗಿ ಮನುಷ್ಯನ ಮಣಿಕಟ್ಟಿಗೆ ಸಮ. ಮೊಣಕೈ ಇರುವುದು ಅದಕ್ಕೂ ಮೇಲೆ, ಎದೆಗೂಡಿಗೆ ಅಂಟಿಕೊಂಡಂತೆ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಗಂಟು ಹಿಮ್ಮಡಿ. ನಿಜವಾದ ಮೊಣಕಾಲು ಹೊಟ್ಟೆಯ ಪಕ್ಕದಲ್ಲಿ, ಚರ್ಮದ ಮಡಿಕೆಯಲ್ಲಿ ಅಡಗಿದೆ. ಈ ಹಿಮ್ಮಡಿಯ ಗಂಟು ಮುಂಗಾಲಿನ ಗಂಟಿಗಿಂತ ಸ್ವಲ್ಪ ಎತ್ತರದಲ್ಲಿರುತ್ತದೆ, ನಾನು ಎರಡನ್ನೂ ಒಂದೇ ಮಟ್ಟದಲ್ಲಿ ಬಿಡಿಸಿ ಕಾಲುಗಳನ್ನು ಮೇಜಿನ ಕಾಲುಗಳಂತೆ ಮಾಡಿದ್ದೆ. ಜಾನುವಾರುಗಳಿಗೆ ಕೊರಳೆಲುಬು (ಕಾಲರ್ ಬೋನ್) ಇಲ್ಲ, ಎದೆಗೂಡು ಎರಡು ಭುಜದೆಲುಬುಗಳ ನಡುವೆ ಸ್ನಾಯುಗಳಿಂದ ತೂಗುತ್ತಿರುತ್ತದೆ. ಕೋಣ ಹೆಜ್ಜೆ ಇಡುವಾಗ ಭುಜ ಮೇಲೆದ್ದು ಕೆಳಗಿಳಿಯುವುದನ್ನು ನೋಡುತ್ತ ಆ ಮಾತನ್ನು ಕೇಳಿದಾಗ ಅದು ಮರೆಯುವಂಥದ್ದಾಗಿ ಉಳಿಯಲಿಲ್ಲ.

ಕೋಣಗಳನ್ನು ನೋಡಿಕೊಳ್ಳುವ ಹಿರಿಯರು ನನ್ನ ಚಿತ್ರದ ಫೋಟೊವನ್ನು ಮೊಬೈಲಿನಲ್ಲಿ ಬಹಳ ಹೊತ್ತು ನೋಡಿ, "ಓಡುವ ಕೋಣ ಹೀಗೆ ತಲೆ ತಗ್ಗಿಸುವುದಿಲ್ಲ ಮಾರಾಯ್ರೆ, ಮೂತಿ ಮುಂದಕ್ಕೆ ಚಾಚುತ್ತದೆ, ಕೊಂಬು ಹಿಂದಕ್ಕೆ ಮಲಗುತ್ತದೆ" ಎಂದರು. ಹಾಯಲು ಬರುವ ಗೂಳಿಯ ಭಂಗಿಯನ್ನು ನಾನು ಅರಿವಿಲ್ಲದೆ ಓಟದ ಕೋಣಕ್ಕೆ ಕೊಟ್ಟಿದ್ದೆ. ಮೂತಿ ನಮ್ಮ ಕಡೆಗೆ ಚಾಚಿದಾಗ ಮುಖದ ಉದ್ದ ಮೊಟಕಾಗುತ್ತದೆ: ಮೂಗಿನ ಹೊಳ್ಳೆಗಳು ದೊಡ್ಡದಾಗಿ ಮುಂದೆ ಬರುತ್ತವೆ, ಹಣೆ ಸಂಕುಚಿತವಾಗುತ್ತದೆ, ಕೊಂಬುಗಳು ಕುತ್ತಿಗೆಯ ಹಿಂದೆ ಅರ್ಧ ಮರೆಯಾಗುತ್ತವೆ. ಕೋಣದ ಮುಖ ಉದ್ದವೆಂದು ತಿಳಿದಿದ್ದ ಕೈ ಅದನ್ನು ಉದ್ದವಾಗಿಯೇ ಎಳೆಯಲು ನೋಡುತ್ತದೆ. ಇದಕ್ಕೆ ಮಾಸ್ಟ್ರು ಕೊಟ್ಟ ಉಪಾಯ, ಮುಖವನ್ನು ಬಿಡಿಸದೆ ಅದರ ಸುತ್ತಲಿನ ಖಾಲಿ ಜಾಗವನ್ನು ಬಿಡಿಸುವುದು: ಕೊಂಬಿಗೂ ಕಿವಿಗೂ ನಡುವಿನ ತುಂಡು, ಗಲ್ಲಕ್ಕೂ ಎದೆಗೂ ನಡುವಿನ ಮುಕ್ಕೋನ, ಮುಂಗಾಲುಗಳ ನಡುವೆ ಕಾಣುವ ನೀರಿನ ಆಕಾರ. ಆ ಆಕಾರಗಳ ಬಗ್ಗೆ ಮನಸ್ಸಿಗೆ ಮೊದಲೇ ಯಾವ ತಿಳಿವಳಿಕೆಯೂ ಇಲ್ಲದ ಕಾರಣ ಕೈ ಕಂಡದ್ದನ್ನೇ ಎಳೆಯುತ್ತದೆ.

ಓಟದ ಕಾಲುಗಳ ಮೇಲೂ ಒಂದು ಗಂಟೆ ಚರ್ಚೆ ನಡೆಯಿತು. 2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದ್ದನ್ನು ನೆನೆದರೆ, ಕೋಣಗಳು ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು ಸಾಗುತ್ತವೆ ಎಂದಾಯಿತು. ಆ ವೇಗದಲ್ಲಿ ಕಾಲುಗಳ ಕ್ರಮ ಬರಿಗಣ್ಣಿಗೆ ಸಿಕ್ಕುವುದಿಲ್ಲ. ನಾಲ್ಕೂ ಕಾಲುಗಳನ್ನು ಮುಂದೆ ಹಿಂದೆ ಚಾಚಿ ಗಾಳಿಯಲ್ಲಿ ಹಾರುವ ಕುದುರೆಗಳನ್ನು ಯುರೋಪಿನ ಕಲಾವಿದರು ಬಹುಕಾಲ ಬಿಡಿಸುತ್ತ ಬಂದಿದ್ದರು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೆಗೆದ ಫೋಟೊಗಳು, ನಾಲ್ಕೂ ಗೊರಸುಗಳು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಾಗ ಎಂದು ತೋರಿಸಿದವು. ನನ್ನ ಆಚೆಯ ಕೋಣ ಆ ಹಳೆಯ ಕುದುರೆಗಳ ಭಂಗಿಯಲ್ಲೇ ಇತ್ತು. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಒಂದೊಂದು ಚೌಕಟ್ಟಾಗಿ ನಿಲ್ಲಿಸಿ ನೋಡುವ ಅನುಕೂಲ ಈಗ ಎಲ್ಲರ ಕೈಯಲ್ಲೂ ಇದೆ. ಅದನ್ನು ಬಳಸದೆ ಊಹೆಯಿಂದ ಬಿಡಿಸಿದ್ದಕ್ಕೆ ನನಗೆ ಬೇಸರವಾಯಿತು. ಗೊರಸುಗಳು ಕೆಸರುನೀರಿನಲ್ಲಿ ಮುಳುಗಿ ಕಾಣದಿದ್ದರೂ, ಪ್ಲಾಸ್ಟಿಕ್ ಹಾಳೆಯ ಮೇಲೆ ನೀರಿನ ಒಳಗೂ ಕಾಲನ್ನು ಮುಂದುವರಿಸಿ, ನೆಲ ಮುಟ್ಟುವ ಜಾಗವನ್ನು ಗುರುತಿಸಿಯೇ ತೀರಬೇಕೆಂದು ಮಾಸ್ಟ್ರು ಪಟ್ಟು ಹಿಡಿದರು. ಹಾಗೆ ಗುರುತಿಸಿದಾಗ ಹತ್ತಿರದ ಕೋಣದ ಒಂದು ಹಿಂಗಾಲು ಕರೆಯ ದಂಡೆಯ ಒಳಗೆ ಹೊಕ್ಕಿತ್ತೆಂಬುದು ಗೊತ್ತಾಯಿತು.

ಇಷ್ಟು ಮೆಚ್ಚಿದ ಮೇಲೆ ಕೊರತೆಗಳನ್ನೂ ಬರೆಯಬೇಕು. ಈ ತರಗತಿ ನಾಲ್ಕು ಕಾಲಿನ ಪ್ರಾಣಿಗಳಿಗಾಗಿಯೇ ರೂಪುಗೊಂಡಿದೆ. ಮಂಗಟ್ಟೆ ಹಕ್ಕಿಯ ಚಿತ್ರ ತಂದವರಿಗೆ ಕೊಕ್ಕು ಮತ್ತು ತಲೆಯ ಅಳತೆಯ ಬಗ್ಗೆ ಕಾಲು ಗಂಟೆಯ ಸಲಹೆ ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ಸೇರಿಸಿಕೊಳ್ಳುವ ಮೊದಲೇ ಇದನ್ನು ಹೇಳಬೇಕಿತ್ತು. ಎರಡನೇ ಮಹಡಿಯ ಮೆಟ್ಟಿಲು ಕಡಿದಾಗಿದ್ದು, ದೊಡ್ಡ ಕ್ಯಾನ್ವಾಸ್ ಹೊತ್ತು ಹತ್ತುವುದು ಹಿರಿಯರಿಗೆ ಕಷ್ಟ. ಇವೆರಡಕ್ಕಿಂತ ಮುಖ್ಯವಾದ ಕೊರತೆ ಕೊನೆಯ ಭಾನುವಾರದ್ದು. ಹಾಳೆಯ ಮೇಲೆ ಸರಿಪಡಿಸಿದ ರೇಖೆಯನ್ನು ಒಣಗಿದ ಬಣ್ಣದ ಮೇಲೆ ತರುವುದು ಹೇಗೆ ಎಂಬ ಪಾಠವನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿಬಿಟ್ಟರು, ಆದರೆ ನಮ್ಮಂಥವರು ಹೆಚ್ಚು ಎಡವುವುದು ಅಲ್ಲಿಯೇ. ಹಳೆಯ ಬಾಹ್ಯರೇಖೆಯ ಬಣ್ಣ ದಪ್ಪವಾಗಿದ್ದರೆ ಮೇಲೆ ಎಷ್ಟು ಬಳಿದರೂ ಅದರ ಏಣು ಪಕ್ಕದ ಬೆಳಕಿನಲ್ಲಿ ಕಾಣುತ್ತದೆ. ಅದನ್ನು ನಯವಾದ ಮರಳುಕಾಗದದಿಂದ ನೀರು ಹಾಕಿ ಉಜ್ಜಿ ಸಮ ಮಾಡಿ, ತೆಳುವಾಗಿ ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿಯ ತಳಲೇಪ) ಬಳಿದು, ಅನಂತರ ಬಣ್ಣ ಹಾಕಬೇಕೆಂಬುದನ್ನು ಅವರು ಹೇಳಿದರು, ಮಾಡಿ ತೋರಿಸಲಿಲ್ಲ. ಅಕ್ರಿಲಿಕ್ ಬಣ್ಣ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ, ಆದ್ದರಿಂದ ತೇಪೆಯ ಬಣ್ಣವನ್ನು ಬೇರೆ ಕಾಗದದ ಮೇಲೆ ಹಚ್ಚಿ ಒಣಗಿಸಿ ಹೋಲಿಸಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಆಚೆಯ ಕೋಣದ ಬೆನ್ನಿದ್ದ ಜಾಗವನ್ನು ಹಿನ್ನೆಲೆಯ ಬಣ್ಣದಿಂದ ಮುಚ್ಚಲು ನಾನು ಮನೆಯಲ್ಲಿ ಮೂರು ಬಾರಿ ಪ್ರಯತ್ನಿಸಬೇಕಾಯಿತು. ಒಂದು ಭಾನುವಾರವನ್ನು ಪೂರ್ತಿ ಇದಕ್ಕೇ ಕೊಟ್ಟು, ತರಗತಿಯನ್ನು ಐದು ವಾರಕ್ಕೆ ವಿಸ್ತರಿಸಿ, ಶುಲ್ಕವನ್ನು ಅದಕ್ಕೆ ತಕ್ಕಂತೆ ಏರಿಸಿದರೂ ನಾನು ಸಂತೋಷದಿಂದ ಕೊಡುತ್ತಿದ್ದೆ. ಇದನ್ನು ಮಾಸ್ಟ್ರಿಗೆ ನೇರವಾಗಿಯೇ ತಿಳಿಸಿದ್ದೇನೆ. ಅವರು ಬೇಸರಿಸದೆ ಕೇಳಿ ಬರೆದುಕೊಂಡರು.

ಸೇರಲು ಯೋಚಿಸುವವರು ಮೂರು ವಿಷಯಗಳನ್ನು ಗಮನದಲ್ಲಿಡಬೇಕು. ಚಿತ್ರಕ್ಕೆ ವಾರ್ನಿಶ್ ಹಚ್ಚಿದ್ದರೆ ತಿದ್ದುವುದು ಬಹಳ ಕಷ್ಟವಾದ್ದರಿಂದ ಹಚ್ಚದೆ ತನ್ನಿ. ಆಧಾರದ ಫೋಟೊಗಳನ್ನು ಕತ್ತರಿಸದೆ ಪೂರ್ತಿಯಾಗಿ ಮುದ್ರಿಸಿ ತನ್ನಿ, ಏಕೆಂದರೆ ಕಣ್ಣಿನ ಮಟ್ಟವನ್ನು ಹುಡುಕಲು ಬೇಕಾದ ದಂಡೆ, ಬೇಲಿ, ಗೋಡೆಯ ಅಂಚುಗಳು ನಾವು ಕತ್ತರಿಸಿ ಎಸೆಯುವ ಭಾಗದಲ್ಲೇ ಇರುತ್ತವೆ. ಮೆಚ್ಚಿಗೆಯ ಮಾತುಗಳನ್ನು ನಿರೀಕ್ಷಿಸಿ ಹೋಗುವವರಿಗೆ ಮೊದಲ ಎರಡು ವಾರಗಳು ಭಾರವೆನಿಸಬಹುದು. ನಮ್ಮ ತಂಡದ ಹುಲಿಯ ಕಲಾವಿದರು ಎರಡನೇ ವಾರ ಬರಲೇ ಇಲ್ಲ, ಮೂರನೇ ವಾರ ಹಟ್ಟಿಗೆ ಬಂದು, ಕೊನೆಯ ದಿನ ಎಲ್ಲರಿಗಿಂತ ಹೆಚ್ಚು ಪ್ರಶ್ನೆಗಳನ್ನು ಕೇಳಿದರು.

ನನ್ನ ಚಿತ್ರದಲ್ಲಿ ಈಗ ನೊಗದ ಆಚೆಯ ತುದಿ ಕೆಳಕ್ಕೆ ವಾಲಿದೆ, ಕಣ್ಣಿನ ಮಟ್ಟದ ರೇಖೆ ಎರಡು ಕೋಣಗಳ ಎದೆಯನ್ನೂ ಹಾದುಹೋಗುತ್ತದೆ, ಹತ್ತಿರದ ಕೋಣವನ್ನು ಹತ್ತು ಮೀಟರ್ ದೂರದಿಂದ ನೋಡಿದಂತೆ ಮತ್ತೆ ಬಿಡಿಸಿದ್ದೇನೆ. ಕೋಣ ಓಡಿಸುವವರನ್ನು ಮಾತ್ರ ಇನ್ನೂ ತಿದ್ದಿಲ್ಲ. ಅವರ ತಲೆ ರೇಖೆಗಿಂತ ಎಷ್ಟು ಮೇಲಿರಬೇಕೆಂದು ಹಾಳೆಯ ಮೇಲೆ ಗುರುತು ಹಾಕಿ ಇಟ್ಟುಕೊಂಡಿದ್ದೇನೆ, ಮುಂದಿನ ವಾರ ಅದಕ್ಕೆ ಕೈ ಹಾಕಬೇಕು.